ಬಾಗಿಲಿಗಾಗಿ ಸರಿಸಿದ ಬ್ರೇಸಿಂಗ್

ಬಡವನಹಳ್ಳಿಯ ಹುಣಸೆಹಣ್ಣಿನ ಗೋದಾಮಿನ ಮಾತು ಬಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮೇಲೆ ಕಬ್ಬಿಣದ ಚೌಕಟ್ಟು, ಕೆಳಗೆ ಕಾಂಕ್ರೀಟಿನ ಗಿಡ್ಡ ಕಂಬಗಳು. ಎರಡರ ಬಲದ ಲೆಕ್ಕ ಹಾಕಿದ ಇಂಜಿನಿಯರ್ ನಾನೇ.

ಗಾಳಿಗೆ ಚೌಕಟ್ಟು ವಾಲದಂತೆ ಎರಡು ಕಂಬಗಳ ನಡುವೆ ಓರೆಯಾಗಿ ಹಾಕುವ ಕಬ್ಬಿಣಕ್ಕೆ ಬ್ರೇಸಿಂಗ್ ಅನ್ನುತ್ತೇವೆ. ತಾನು ತಡೆದ ಗಾಳಿಯನ್ನೆಲ್ಲ ತಂದು ಅದು ಆ ಎರಡರ ಕೆಳಗಿನ ಗಿಡ್ಡ ಕಂಬಗಳ ತಲೆಯನ್ನು ಪಕ್ಕಕ್ಕೆ ತಳ್ಳುತ್ತದೆ. ಕಂಪ್ಯೂಟರಿನಲ್ಲಿ ಕಬ್ಬಿಣಕ್ಕೆ ಒಂದು ಫೈಲು, ಕಾಂಕ್ರೀಟಿಗೆ ಇನ್ನೊಂದು. ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೆ ನಾನೇ ತುಂಬಬೇಕು. ತಪ್ಪು ಕಂಬಕ್ಕೆ ತುಂಬಿದರೂ ಸಾಫ್ಟ್‌ವೇರ್ ಚಕಾರ ಎತ್ತುವುದಿಲ್ಲ. ಎಲ್ಲವನ್ನೂ ಹಸಿರು ಬಣ್ಣದಲ್ಲಿ ತೋರಿಸಿ ಪಾಸು ಮಾಡುತ್ತದೆ.

ಕಾಂಕ್ರೀಟು ಹಾಕಿದ ಮೂರನೆಯ ದಿನ ಹೋಗಿ ನೋಡಿದರೆ, ಬ್ರೇಸಿಂಗಿನ ಬೋಲ್ಟುಗಳು ಎರಡು ಅಂಕಣ ಎಡಕ್ಕೆ ಸರಿದಿದ್ದವು; ಕಂಬದಿಂದ ಕಂಬಕ್ಕೆ ಒಂದು ಅಂಕಣ. ಅಲ್ಲಿನ ಗಿಡ್ಡ ಕಂಬಗಳ ಒಳಗಿದ್ದದ್ದು ತೆಳು ಕಂಬಿ. ಗುತ್ತಿಗೆದಾರ ಅದೇ ಊರಿನವನು. ಅವನ ಮೇಲೆ ಹರಿಹಾಯ್ದೆ.

"ಲಾರಿ ಬಾಗ್ಲಿಗೆ ಅಡ್ಡ ಆಯ್ತದೆ, ಪಕ್ಕಕ್ಕೆ ಹಾಕ್ತೀವಿ ಅಂತ ಫೋನ್ನಾಗೆ ಹೇಳಿದ್ನಲ್ಲ ಸಾರ್. ಆಗ್ಲಿ ಅಂದ್ರಿ. ಹೊಸಾ ನಕ್ಷೆನೂ ನೀವೇ ಕಳಿಸಿದ್ದು."

ಸುಳ್ಳು ಅಂದೆ, ಕೆಲಸದವರೆಲ್ಲರ ಎದುರಿಗೆ. ಅವನು ಜಗಳಕ್ಕೆ ಬರಲಿಲ್ಲ. ಅದು ನನ್ನನ್ನು ಇನ್ನಷ್ಟು ಕೆರಳಿಸಿತು. ಎಲ್ಲದಕ್ಕೂ ಪುರಾವೆ ಕೇಳುವುದು ಕಾಲೇಜಿನಲ್ಲಿ ಅಂಟಿದ ಚಟ. ಅವನ ಸುಳ್ಳನ್ನು ತೋರಿಸಲೆಂದೇ ಲ್ಯಾಪ್‌ಟಾಪ್ ತೆರೆದೆ.

ಪುರಾವೆ ಇತ್ತು. ಕಬ್ಬಿಣದ ಫೈಲಿನಲ್ಲಿ ಬ್ರೇಸಿಂಗ್ ಎಡಕ್ಕೆ ಸರಿದಿತ್ತು, ಸರಿಸಿದವನು ನಾನೇ. ಕಾಂಕ್ರೀಟಿನ ಫೈಲಿನಲ್ಲಿ ಮಾತ್ರ ಪಕ್ಕಕ್ಕೆ ತಳ್ಳುವ ಭಾರ ಹಳೆಯ ಕಂಬಗಳ ಮೇಲೇ ಕೂತಿತ್ತು. ಆ ಫೋನ್ ಮಾತಿನ ಒಂದಕ್ಷರವೂ ನನ್ನ ತಲೆಯಲ್ಲಿರಲಿಲ್ಲ. ನಾನು ಮಾಡಿದ್ದನ್ನು ಬೇರೆ ಯಾರದೋ ಕೆಲಸವೆಂಬಂತೆ ಓದಿ ತಿಳಿಯಬೇಕಾಯಿತು.

ಭಾರವನ್ನು ಸರಿಯಾದ ಕಂಬಗಳಿಗೆ ಹಾಕಿ ಲೆಕ್ಕವನ್ನು ಮತ್ತೆ ಓಡಿಸಿದೆ. ಎರಡೂ ಕಂಬ ಕೆಂಪಾದವು, ಅಂದರೆ ಫೇಲು.

"ಗಿಡ್ಡವು ಅವು, ಹೆಂಗೋ ನಿಂತ್ಕತವೆ ಬುಡಿ ಸಾರ್," ಅಂದ ಗುತ್ತಿಗೆದಾರ. ಹುಣಸೆಕಾಲದಲ್ಲಿ, ಅದೂ ಬಿರುಗಾಳಿಯ ತಿಂಗಳುಗಳಲ್ಲಿ, ಈ ಸೂರಿನ ಕೆಳಗೆ ಬೀಜ ಬಿಡಿಸಲು ಊರ ಹೆಂಗಸರು ಕೂರುತ್ತಾರೆ. ನಿನ್ನ ಹೆಂಡತಿಯನ್ನು ಕೂರಿಸುತ್ತೀಯೇನು ಎಂದು ಕೇಳಿದೆ. ಚುಚ್ಚಲೆಂದೇ ಕೇಳಿದ್ದು.

"ಅವಳು ಬರೋದೇ ಈ ಕೆಲ್ಸಕ್ಕೆ ಸಾರ್," ಅಂದ. ಕಂಬಗಳತ್ತ ಕೈ ತೋರಿಸಿದ. "ಒಡೆಸಿ ಅಂಗಾರೆ."

ಸುಳ್ಳು ಅಂದದ್ದಕ್ಕೆ ತಪ್ಪಾಯಿತು ಎನ್ನಬೇಕಿತ್ತು. ಬದಲಿಗೆ, ಎರಡನ್ನೂ ಒಡೆಯಿರಿ ಎಂದೆ. ಸಿಟ್ಟು ಈಗ ಯಾರ ಮೇಲೆ ಎಂಬುದು ನನಗೂ ಗೊತ್ತಿತ್ತು, ಅವನಿಗೂ.

ಸುತ್ತಿಗೆ ಹಿಡಿದು ನಿಂತಿದ್ದ ಪಾವಗಡ ಕಡೆಯ ಮೇಸ್ತ್ರಿ ಒಂದೇ ಮಾತು ಕೇಳಿದ. "ಆ ಕಡೆ ಸಾಲಲ್ಲೂ ಇಂಗೇ ಸರಿಸಿದೀವಿ. ಅದನ್ನ ನೋಡಿದ್ರಾ ಸಾರ್?"

ನೋಡಿದೆ ಎಂದುಬಿಟ್ಟೆ. ಅವನು ಒಡೆಯತೊಡಗಿದ. ನಾನು ಸಿಮೆಂಟ್ ಚೀಲಗಳ ಮೇಲೆ ಕೂತು ಫೈಲನ್ನು ಮತ್ತೆ ತೆರೆದೆ. ನೋಡಿರಲಿಲ್ಲ. ಆ ಸಾಲಿನಲ್ಲೂ ಭಾರ ಹಳೆಯ ಕಂಬಗಳ ಮೇಲೇ ಇತ್ತು; ಸರಿಸಿ ಓಡಿಸಿದರೆ ಅಲ್ಲಿಯ ಎರಡೂ ಕೆಂಪು.

ಎದ್ದು ಹೋಗಿ, ಆ ಕಡೆಯ ಎರಡನ್ನೂ ಒಡೆಯಲು ಹೇಳಿದೆ.