ಥಂಡಿ ಟ್ರಕ್ಕಿನ ಜೊತೆ ತುಕ್ಕಾನಟ್ಟಿಗೆ

ಗೋಕಾಕದಿಂದ ಹುಕ್ಕೇರಿಗೆ ಹೋಗುವ ಏಳೂವರೆಯ ಬಸ್ಸು ಎಂಟೂಕಾಲಿಗೆ ಬಿಟ್ಟಿತು. ಟಿಕೇಟು ಹದಿನಾಲ್ಕಾಣೆ. ಹೋಳಿ ಹುಣ್ಣಿಮೆ ಕಳೆದು ವಾರವಾಗಿತ್ತಷ್ಟೆ, ಆದರೂ ಆ ಹೊತ್ತಿಗೇ ಬಸ್ಸಿನ ತಗಡು ಕೈ ಇಡಗೊಡುತ್ತಿರಲಿಲ್ಲ. ನನ್ನ ತೊಡೆಯ ಮೇಲೆ ಪಾನಾ, ಪಕ್ಕಡ, ಗ್ಯಾಸಿನ ಒತ್ತಡ ನೋಡುವ ಮೀಟರು ತುಂಬಿದ ಪೆಟ್ಟಿಗೆ. ನಾನು ಗೋಕಾಕದ ಒಂದು ಐಸ್ ಕಾರ್ಖಾನೆಯಲ್ಲಿ ಮಿಸ್ತ್ರಿ. ಥಂಡಿ ಯಂತ್ರ ಬಲ್ಲವರು ಆ ಸೀಮೆಯಲ್ಲಿ ಆಗ ನಾನೊಬ್ಬನೇ. ಯಾರೂ ಕೇಳದಿದ್ದರೂ ಅದನ್ನು ಹೇಳಿಕೊಳ್ಳುವ ಚಟವೂ ನನಗಿತ್ತು.

ಹಿಂದಿನ ದಿನ ದನದ ಡಾಕ್ಟರರಿಂದ ಚೀಟಿ ಬಂದಿತ್ತು: ಟ್ರಕ್ಕಿನ ಥಂಡಿ ಯಂತ್ರ ನಿಂತಿದೆ, ಕೂಡಲೇ ಹೊರಟು ಬನ್ನಿ. ಅದು ಯುದ್ಧಕಾಲದ ಮಿಲಿಟರಿ ಟ್ರಕ್ಕು. ಹಿಂದೆ ಒಂದು ಕೋಣೆಯಷ್ಟು ದೊಡ್ಡ ಪೆಟ್ಟಿಗೆ, ಅದನ್ನು ತಂಪಾಗಿಡಲು ಬೇರೆಯೇ ಒಂದು ಸಣ್ಣ ಇಂಜಿನ್ನು. ಅದರೊಳಗೆ ದನಗಳಿಗೆ ಬರುವ ದೊಡ್ಡ ಬ್ಯಾನಿಯ ಲಸಿಕೆ ಇಟ್ಟುಕೊಂಡು ಊರೂರು ತಿರುಗುತ್ತಿದ್ದರು. ಆ ಬ್ಯಾನಿ ಒಮ್ಮೆ ಹೊಕ್ಕಿತೆಂದರೆ ದನದ ಬಾಯಿ ಹುಣ್ಣಾಗಿ, ಭೇದಿ ಹತ್ತಿ, ವಾರ ಹತ್ತು ದಿನದಲ್ಲಿ ಗೋದಲಿ ಖಾಲಿ. ಲಸಿಕೆಯೇನೋ ಒಳ್ಳೆಯದೇ, ಆದರೆ ಚುಚ್ಚುವ ತನಕ ಐಸಿನ ತಂಪಿನಲ್ಲೇ ಇರಬೇಕು.

ಕೊಣ್ಣೂರಿನಲ್ಲಿ ಬಸ್ಸಿನ ನೀರು ಕುದಿದು ಅರ್ಧ ತಾಸು ನಿಂತೆವು. ಕಬ್ಬಿನ ಗಾಡಿಗಳು ಸಾಲಾಗಿ ದಾಟಿಹೋದವು. ನಾನು ಎರಡು ಮಿರ್ಚಿ ಭಜಿ ತಿಂದು, ಚಹಾ ಕುಡಿದು, ರೇಡಿಯೇಟರಿಗೆ ನೀರು ಹೇಗೆ ಹಾಕಬೇಕೆಂದು ಬಸ್ಸಿನ ಡ್ರೈವರನಿಗೆ ಪುಕ್ಕಟೆ ಉಪದೇಶ ಮಾಡಿದೆ. ಅವನು ಇಪ್ಪತ್ತು ವರ್ಷದಿಂದ ಗಾಡಿ ಹೊಡೆಯುವವನು, ನನ್ನ ಮುಖ ನೋಡಿ ಬೀಡಿ ಹಚ್ಚಿದ. ಹುಕ್ಕೇರಿ ಮುಟ್ಟಿದಾಗ ಹನ್ನೊಂದಾಗಿತ್ತು.

ಟ್ರಕ್ಕು ಊರ ಹೊರಗಿನ ಬೇವಿನ ಮರದ ಕೆಳಗಿತ್ತು. ಡಾಕ್ಟರರು ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಸಣ್ಣವರು, ಆ ದಿನ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಡ್ರೈವರ್ ಶಿವಲಿಂಗಪ್ಪ ಓಡಿ ಬಂದು ನನ್ನ ಪೆಟ್ಟಿಗೆ ಇಸಿದುಕೊಂಡ. ನನ್ನನ್ನು ಉಸ್ತಾದ ಎಂದು ಕರೆಯುವ, ನಾನು ಹೇಳಿದ್ದನ್ನೆಲ್ಲ ತಲೆಯಾಡಿಸಿ ಕೇಳುವ ಏಕೈಕ ಪ್ರಾಣಿ ಅವನು. ಡಾಕ್ಟರರು ವಿಷಯ ಹೇಳಿದರು. ಪೆಟ್ಟಿಗೆಯೊಳಗಿನ ಉಷ್ಣತೆಯ ಮಾಪಕದ ಮುಳ್ಳು ಹೊರಬದಿಯಲ್ಲಿದೆ, ಅದು ದಿನವೂ ಸರಿಯಾದ ತಂಪನ್ನೇ ತೋರಿಸಿದೆ, ಅದನ್ನು ನೋಡಿ ಅವರು ದಿನವೂ ವಹಿಯಲ್ಲಿ ಬರೆದಿದ್ದಾರೆ. ನಿನ್ನೆ ಒಳಗೆ ಕೈಚಾಚಿ ಲಸಿಕೆಯ ಬಾಟಲಿ ಹಿಡಿದರೆ ಅದು ಬೆಚ್ಚಗಿತ್ತಂತೆ.

ಮಾಪಕ ತಂಪು ಅನ್ನುತ್ತದೆ, ಬಾಟಲಿ ಬಿಸಿ ಅನ್ನುತ್ತದೆ. ಇಬ್ಬರಲ್ಲಿ ಒಬ್ಬ ಸುಳ್ಳುಗಾರ ಎಂದುಕೊಂಡು ಅಂಗಿ ಕಳಚಿದೆ. ಮೊದಲು ಬೆಲ್ಟು ನೋಡಿದೆ, ಗಟ್ಟಿಯಾಗಿತ್ತು. ಗ್ಯಾಸು ಸೋರಿದೆಯೋ ಎಂದು ನಳಿಗೆಯ ಒಂದೊಂದು ಜೋಡಣೆಗೂ ಸಾಬೂನಿನ ನೊರೆ ಬಳಿದೆ, ಒಂದು ಗುಳ್ಳೆಯೂ ಏಳಲಿಲ್ಲ. ಮೀಟರು ಕಟ್ಟಿದೆ, ಗ್ಯಾಸು ಬೇಕಾದಷ್ಟಿತ್ತು. ಸಣ್ಣ ಇಂಜಿನ್ನು ಒಂದೇ ಎಳೆತಕ್ಕೆ ಚಾಲೂ ಆಯಿತು, ಆದರೆ ತಂಪು ಮಾಡುವ ಕಂಪ್ರೆಸರು ಮಾತ್ರ ತಿರುಗಲಿಲ್ಲ. ಸ್ವಿಚ್ಚಿನ ಎರಡು ತುದಿಗೆ ನೇರವಾಗಿ ತಂತಿ ಹಿಡಿದೆ. ಕಂಪ್ರೆಸರು ಗುರ್ರೆಂದು ತಿರುಗಿತು. ತಂತಿ ತೆಗೆದರೆ ನಿಂತಿತು. ಅಂದರೆ ಯಂತ್ರಕ್ಕೆ ಯಾವ ರೋಗವೂ ಇಲ್ಲ. ಪೆಟ್ಟಿಗೆ ಆಗಲೇ ತಂಪಾಗಿದೆ, ಕೆಲಸ ಬೇಡ ಎಂದು ಯಾರೋ ಅದಕ್ಕೆ ಹೇಳುತ್ತಿದ್ದಾರೆ.

ಹೇಳುವುದು ಬೆರಳುದ್ದದ ಒಂದು ತಾಮ್ರದ ಕೊಳವೆ. ಪೆಟ್ಟಿಗೆಯ ಒಳಗೋಡೆಗೆ ಕೂತಿರುತ್ತದೆ. ಗಾಳಿ ಬಿಸಿಯಾದರೆ ಅದೂ ಬಿಸಿಯಾಗಿ ಕಂಪ್ರೆಸರನ್ನು ಎಬ್ಬಿಸುತ್ತದೆ, ತಂಪಾದರೆ ಮಲಗಿಸುತ್ತದೆ. ಬ್ಯಾಟರಿ ಹಿಡಿದುಕೊಂಡು ಒಳಗೆ ತೆವಳಿದೆ. ಒಳಗಿನ ಸೆಕೆಗೆ ಉಸಿರು ಕಟ್ಟಿತು. ಮೂಲೆಯಲ್ಲಿ ಗೋಣಿತಟ್ಟಿನ ಒಂದು ಗಂಟು, ಅಚ್ಚುಕಟ್ಟಾಗಿ ಸುತಳಿಯಿಂದ ಬಿಗಿದದ್ದು, ಕೆಳಗೆ ತೊಟ್ಟಿಕ್ಕುತ್ತಿತ್ತು. ಬಿಚ್ಚಿದೆ. ಒಳಗೆ ಐಸು. ಐಸಿನ ನಡುವೆ ಆ ತಾಮ್ರದ ಕೊಳವೆ, ಅದಕ್ಕೆ ತಾಗಿಯೇ ಡಾಕ್ಟರರ ಮಾಪಕದ ಒಳತುದಿ. ಇಡೀ ಕೋಣೆ ಕುದಿಯುತ್ತಿದೆ, ಆ ಎರಡಕ್ಕೆ ಮಾತ್ರ ಚಳಿಗಾಲ!

ಹೊರಗೆ ಬಂದು, ಇದನ್ನು ಕಟ್ಟಿದ ಶಾಣ್ಯಾ ಯಾರು ಎಂದು ಕೂಗಿದೆ. ಶಿವಲಿಂಗಪ್ಪ ಹೆಮ್ಮೆಯಿಂದ ಎದೆ ಮುಟ್ಟಿಕೊಂಡ.

"ನಾನ ರೀ ಉಸ್ತಾದ. ದಿನಾ ಎರಡ ಸಲ ಐಸ್ ಬದಲ ಮಾಡತೇನ್ರಿ. ನೀವ ಹೇಳಿದ್ರೆಲ್ರಿ, ಈ ಕೊಳವಿ ತಂಪ ಇದ್ರ ಯಂತ್ರಕ್ಕ ಆರಾಮ, ಇದು ಬಿಸಿ ಆತಂದ್ರ ಯಂತ್ರ ದಣೀತೈತಿ ಅಂತ."

ಖರೆ, ಹೇಳಿದ್ದೆ. ಸಂಕ್ರಾಂತಿಯ ಹೊತ್ತಿಗೆ ಬೆಲ್ಟು ಬದಲಿಸಲು ಬಂದಾಗ, ಬೀಡಿ ಸೇದುತ್ತ, ನನ್ನ ವಿದ್ಯೆ ತೋರಿಸಲಿಕ್ಕೆಂದು ಇದೇ ಮಾತು ಆಡಿದ್ದೆ. ಆ ಮಾತಿನಲ್ಲಿ ಒಂದಕ್ಷರ ಸುಳ್ಳಿಲ್ಲ. ಬಿಸಿಲು ಏರಿದಾಗ ಈ ಪುಣ್ಯಾತ್ಮ ಅದನ್ನು ಗುರುವಿನ ಮಾತೆಂದು ತಲೆಯ ಮೇಲಿಟ್ಟುಕೊಂಡು ಸೇವೆ ಮಾಡಿದ್ದಾನೆ. ಯಂತ್ರ ಸುಮ್ಮನೆ ಮಲಗಿದ್ದನ್ನು ನೋಡಿ ಅದಕ್ಕೆ ಆರಾಮಾಗಿದೆ ಎಂದು ಖುಷಿಪಟ್ಟಿದ್ದಾನೆ. ಐಸು ಕೂಡ ನಮ್ಮ ಕಾರ್ಖಾನೆಯದೇ. ಹೋಗಿ ಬೇವಿನ ಬುಡದಲ್ಲಿ ಕುಕ್ಕರಿಸಿದೆ.

ಡಾಕ್ಟರರು ಐಸು ಕಟ್ಟಲು ಶುರುಮಾಡಿ ಎಷ್ಟು ದಿನವಾಯಿತೆಂದು ಕೇಳಿದರು. ಹತ್ತು ದಿನ ಎಂದ ಶಿವಲಿಂಗಪ್ಪ. ಅವರು ವಹಿ ತಿರುವಿ ಬೆರಳಿಟ್ಟಲ್ಲಿ ಒಂದೇ ಊರಿತ್ತು: ತುಕ್ಕಾನಟ್ಟಿ, ಎಂಟು ದಿನದ ಹಿಂದೆ, ಊರ ಅಷ್ಟೂ ದನ. ಬಿಸಿಯಾದ ಲಸಿಕೆ ಸತ್ತ ಲಸಿಕೆ, ಅದನ್ನು ಚುಚ್ಚುವುದೂ ಒಂದೇ, ನೀರು ಚುಚ್ಚುವುದೂ ಒಂದೇ. ಬ್ಯಾನಿ ಆಗಲೇ ಅದರ ಪಕ್ಕದ ಮೂಡಲಗಿಯ ಕಡೆ ಬಂದಿದೆ, ಸೂಜಿ ಆಯಿತು ಇನ್ನು ಭಯವಿಲ್ಲವೆಂದು ನಾನೇ ಆ ಊರಿಗೆ ಹೇಳಿ ಬಂದಿದ್ದೇನೆ ಎಂದು ಅವರು ತಲೆ ಹಿಡಿದುಕೊಂಡರು. ಶಿವಲಿಂಗಪ್ಪನಿಗೆ ಆಗ ಅರ್ಥವಾಯಿತು. ಅವನು ಟ್ರಕ್ಕಿನ ಗಾಲಿಗೆ ಆತುಕೊಂಡು ಸಣ್ಣ ಕೂಸಿನಂತೆ ಅತ್ತ. ತಪ್ಪು ಅವನದಲ್ಲ, ನನ್ನ ಬಾಯಿಯದು ಎಂದು ವಹಿಯಲ್ಲೇ ಬರೆಸಿ ಸಹಿ ಹಾಕಿದೆ. ಅದರಿಂದ ಒಂದು ಕರುವಿಗೂ ಉಪಯೋಗವಿಲ್ಲವೆಂದು ನನಗೆ ಗೊತ್ತಿತ್ತು.

ಹೊಸ ಲಸಿಕೆ ಕಳಿಸಿರೆಂದು ಡಾಕ್ಟರರು ಬೆಳಗಾವಿಗೆ ತಾರು ಹೊಡೆದರು. ಗಂಟು ತೆಗೆದ ಎರಡು ತಾಸಿಗೆ ಪೆಟ್ಟಿಗೆ ತಾನಾಗಿಯೇ ತಂಪಾಯಿತು. ಅಂಥ ಸುಲಭದ ರಿಪೇರಿ ನನ್ನ ಜನ್ಮದಲ್ಲಿ ಮಾಡಿರಲಿಲ್ಲ. ಸಂಜೆಗೆ ಗೋಕಾಕಕ್ಕೆ ಮರಳಿದೆವು. ಮರುದಿನ ಬೆಳಗಿನ ಬಸ್ಸಿಗೆ ಹೊಸ ಲಸಿಕೆ ಐಸಿನ ಡಬ್ಬಿಯಲ್ಲಿ ಬಂತು. ಅದನ್ನು ಪೆಟ್ಟಿಗೆಯಲ್ಲಿಟ್ಟು, ಮಾಪಕದ ಒಳತುದಿಯನ್ನು ನಾನೇ ಬಾಟಲಿಗಳ ನಡುವೆ ತೂಗುಹಾಕಿ, ಎಂಟು ಗಂಟೆಗೆ ತುಕ್ಕಾನಟ್ಟಿಯ ದಾರಿ ಹಿಡಿದೆವು. ರಸ್ತೆ ಬರೀ ಹುಡಿ. ದಾರಿಯಲ್ಲಿ ಮೂರು ಸಲ ಟ್ರಕ್ಕು ನಿಲ್ಲಿಸಿ ಬಾಟಲಿ ಮುಟ್ಟಿ ನೋಡಿದೆ.

ಊರವರು ಹೇಗೆ ಬೈದಾರು, ಕಲ್ಲು ಹಿಡಿದಾರೋ ಎಂದು ಲೆಕ್ಕ ಹಾಕುತ್ತ ಇಳಿದರೆ, ಅವರು ನಮಗೆ ಕಾಯಿ ಒಡೆದರು! ಟ್ರಕ್ಕಿಗೆ ಕುಂಕುಮ ಹಚ್ಚಿದರು. ಹಿಂದಿನ ವರ್ಷ ಪಕ್ಕದ ಊರಲ್ಲಿ ಸೂಜಿ ಹಾಕಿಸಿದಾಗ ಅಲ್ಲಿಯ ದನಗಳಿಗೆ ಜ್ವರ ಬಂದು ನಾಲ್ಕು ದಿನ ಹಾಲು ಕಡಿಮೆಯಾಗಿತ್ತಂತೆ. ಈ ಸಲ ಒಂದು ದನವೂ ಮುಲುಗಲಿಲ್ಲ, ಒಂದು ಸೇರು ಹಾಲೂ ಇಳಿಯಲಿಲ್ಲ, ಭಾರೀ ಛಲೋ ಔಷಧ ಎಂದು ಎಲ್ಲರ ಬಾಯಲ್ಲೂ ಒಂದೇ ಮಾತು. ಗಂಗವ್ವ ಎಂಬಾಕೆ ಗುಂಪನ್ನು ಸೀಳಿಕೊಂಡು ಬಂದಳು. ನಲವತ್ತರ ಹೆಂಗಸು, ಗಂಡನ ಕಾಲು ಮುರಿದಾಗಿನಿಂದ ಕಬ್ಬಿನ ಗಾಡಿ ತಾನೇ ಹೊಡೆಯುತ್ತಾಳೆಂದು ಪಕ್ಕದವರು ಹೇಳಿದರು. ನಿಮ್ಮ ಸೂಜಿಯ ಧೈರ್ಯದ ಮೇಲೆ ನನ್ನ ಜೋಡೆತ್ತು ಕಟ್ಟಿಕೊಂಡು ಮೂಡಲಗಿ ಸಂತೆಗೆ ಬೆಲ್ಲ ಹೇರಿ ಹೋಗಿ ಬಂದೆ, ಕೂದಲೂ ಕೊಂಕಲಿಲ್ಲ ಎಂದು ಆಕೆ ಡಾಕ್ಟರರ ಕೈಗೆ ಬೆಲ್ಲದ ಚೂರು ಇಟ್ಟಳು. ಆರು ದಿನದ ಹಿಂದಿನ ಮಾತು. ಡಾಕ್ಟರರು ಬೆಲ್ಲ ಹಿಡಿದುಕೊಂಡೇ ನಿಂತರು, ಬಾಯಿಗೆ ಹಾಕಲಿಲ್ಲ.

ಯಾರಾದರೂ ಹೇಳಲೇಬೇಕಿತ್ತು. ನಾನು ಚಾವಡಿಯ ಕಟ್ಟೆ ಹತ್ತಿದೆ. ನಿಮ್ಮ ದನಕ್ಕೆ ಹಾಕಿದ್ದು ಸತ್ತ ಔಷಧ, ಜ್ವರ ಬರದಿದ್ದದ್ದು ಅದಕ್ಕೇ, ಕಾರಣ ನಾನು ಎಂದು ಮೂರು ಮಾತಿನಲ್ಲಿ ಮುಗಿಸಿದೆ. ಹಿಂದಿನಿಂದ ಯಾರೋ ಒಬ್ಬರು, ಇನ್ನು ಈ ಹೊಸದನ್ನಾದರೂ ಹೆಂಗ ನಂಬೋದು ಎಂದರು. ನ್ಯಾಯವಾದ ಪ್ರಶ್ನೆ. ಡಾಕ್ಟರರು ಬಿಡಿಸಿ ಹೇಳಿದರು: ಜೀವ ಇರುವ ಔಷಧವಾದರೆ ಮೂರನೆಯ ದಿನಕ್ಕೆ ಜ್ವರ ಬರುತ್ತದೆ. ನನ್ನ ಬಾಯಿ ಸುಮ್ಮನಿರಬೇಕಲ್ಲ. ಅವರ ಮಾತು ಹಿಂದಿನ ಸಾಲಿಗೆ ಕೇಳಲಿಲ್ಲವೆಂದು ನಾನು ದೊಡ್ಡ ದನಿಯಲ್ಲಿ ಮತ್ತೆ ಸಾರಿದೆ. ಕಿವಿ ಮುಟ್ಟಿ ನೋಡ್ರಿ, ಬಿಸಿ ಹತ್ತಿತಂದರೆ ನಿಮ್ಮ ದನ ಉಳೀತು ಎಂದೆ. ಮೂರನೆಯ ದಿನ ಎಂಬುದನ್ನು ಹೇಳಿದೆನೋ ಬಿಟ್ಟೆನೋ, ಇವತ್ತಿಗೂ ನೆನಪಿಲ್ಲ.

ಮೊದಲು ಎತ್ತು ಹಿಡಿದುಕೊಂಡು ಬಂದವಳು ಗಂಗವ್ವನೇ. ಆಕೆ ಬಂದ ಮೇಲೆ ಉಳಿದವರೂ ಬಂದರು. ಡಾಕ್ಟರರು ಚುಚ್ಚುತ್ತಿರುವಾಗ ನಾನೂ ಶಿವಲಿಂಗಪ್ಪನೂ ಒಬ್ಬರ ಕುದುರೆಗಾಡಿಯಲ್ಲಿ ಮೂಡಲಗಿಗೆ ಹೋಗಿ ಪೆಟ್ರೋಲು ತಂದೆವು. ದನದ ಸಂತೆಯ ಬಯಲು ಖಾಲಿ ಹೊಡೆಯುತ್ತಿತ್ತು. ಅಂಚಿನಲ್ಲಿ ಹೊಸ ಗುಂಡಿಗಳು, ಸುಣ್ಣ ಚೆಲ್ಲಿದ್ದರು. ಹೋದ ಸಂತೆಯಲ್ಲೇ ಬಾಯಿ ಹುಣ್ಣಾದ ದನ ಬಂದಿತ್ತೆಂದೂ, ಎಲ್ಲವೂ ಒಂದೇ ಕಲ್ಲುದೋಣಿಯಲ್ಲಿ ನೀರು ಕುಡಿದವೆಂದೂ ಪೆಟ್ರೋಲಿನವನು ಹೇಳಿದ. ವಾಪಸು ಬಂದು ಆ ಸುದ್ದಿ ಹೇಳಿದಾಗ ಡಾಕ್ಟರರು ಗಂಗವ್ವನ ಹಟ್ಟಿಯ ಕಡೆ ನೋಡಿ, ದೇವರು ದೊಡ್ಡವನು ಎಂದರು. ರಾತ್ರಿ ಊರ ಕನ್ನಡ ಸಾಲಿಯ ಜಗಲಿಯಲ್ಲಿ ಮಲಗಿದೆವು.

ಬೆಳಿಗ್ಗೆ ನಾನು ಮುಖ ತೊಳೆಯುತ್ತಿದ್ದೆ. ಗಂಗವ್ವ ಸೆರಗು ಸಿಕ್ಕಿಸಿಕೊಂಡು ಓಡಿ ಬಂದಳು. ಮುಖದ ತುಂಬ ನಗು.

"ಮಿಸ್ತ್ರಿಗೋಳ, ಬಂತ್ರಿ! ಬಲಗಡಿ ಎತ್ತಿಗೆ ಜ್ವರ ಬಂತ್ರಿ! ಊರಾಗ ಎಲ್ಲಾರಕಿಂತ ಮೊದಲ ನಮ್ಮದಕ್ಕ ಬಂದೈತಿ."

ನಾನು ಆಕೆಯ ಸಂತೋಷವನ್ನೇ ಹಿಡಿದುಕೊಂಡು ಡಾಕ್ಟರರ ಕಡೆ ತಿರುಗಿದೆ, ಬೇಷ್ ಅನ್ನುತ್ತಾರೆಂದು. ಅವರು ಎದ್ದು ಚಪ್ಪಲಿಯನ್ನೂ ಮೆಟ್ಟದೆ ಹಟ್ಟಿಯತ್ತ ಹೊರಟಿದ್ದರು. ನಾನು ಮುಟ್ಟುವ ಹೊತ್ತಿಗೆ ಅವರು ಎತ್ತಿನ ತುಟಿ ಎತ್ತಿ ಹಿಡಿದಿದ್ದರು. ಒಸಡಿನ ಮೇಲೆ ತೌಡು ಉದುರಿದಂತೆ ಬಿಳಿ ಕಲೆ. ಕಣ್ಣಲ್ಲಿ ನೀರು. ಲಸಿಕೆಯ ಜ್ವರ ಒಂದೇ ರಾತ್ರಿಗೆ ಬರುವುದಿಲ್ಲ. ಇದು ಸಂತೆಯಿಂದ ಬಂದದ್ದು. ಡಾಕ್ಟರರು ಏನೂ ಮುಚ್ಚಿಡದೆ ಹೇಳಿ, ಎಡಗಡೆಯ ಎತ್ತನ್ನು ಬಿಚ್ಚಿ ದೂರ ಕಟ್ಟಿಸಿದರು. ಅದು ಉಳಿದರೂ ಉಳಿಯಬಹುದು, ಇದರ ಆಸೆ ಬಿಡಬೇಕು ಎಂದರು. ಗಂಗವ್ವನ ಕೈ ಇನ್ನೂ ಎತ್ತಿನ ಕಿವಿಯ ಮೇಲೇ ಇತ್ತು. ಆಕೆ ಡಾಕ್ಟರರನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಎರಡ ದಿನ ಮೊದಲ ಬಂದ್ರ ಏನಾತ್ರಿ? ಜ್ವರ ಜ್ವರಾನ ಅಲ್ಲೇನ್ರಿ? ನೀವ ಹೇಳಿದ್ರೆಲ್ರಿ."

ಹತ್ತು ಗಂಟೆಗೆ ಡಾಕ್ಟರರು ಅಲ್ಲೇ ಉಳಿದು ನಮ್ಮನ್ನು ಮತ್ತಷ್ಟು ಲಸಿಕೆ ತರಲು ಗೋಕಾಕಕ್ಕೆ ಕಳಿಸಿದರು. ಟ್ರಕ್ಕು ತಿರುಗುವಾಗ ಹೊರಳಿ ನೋಡಿದೆ. ಮನೆಮನೆಯ ಮುಂದೆ ಜನ ತಮ್ಮ ದನಗಳ ಕಿವಿ ಮುಟ್ಟಿ ನೋಡುತ್ತಿದ್ದರು. ಬಿಸಿಯಾಗಿರಲಿ ಎಂದು ಬೇಡುವುದೋ, ತಂಪಾಗಿರಲಿ ಎಂದು ಬೇಡುವುದೋ ಒಬ್ಬರಿಗೂ ತಿಳಿದಿರಲಿಲ್ಲ.