ಒನಕೆ ಹಿಡಿದವಳ ನೋಟು

೧೯೯೮ರ ದೀಪಾವಳಿಯ ದಿನ ಬೆಳಕು ಹರಿಯುವ ಮೊದಲೇ ಕಸ್ತೂರಬಾಯಿ ಎಮ್ಮೆ ಹಿಂಡಿದಳು, ಅಂಗಳ ಸಾರಿಸಿದಳು, ಹಂಡೆಗೆ ಉರಿ ಹಾಕಿದಳು, ಹೋಳಿಗೆಗೆ ಬೇಳೆ ಬೇಯಿಸಿದಳು, ಗಂಡನ ಸ್ನಾನಕ್ಕೆ ನೀರು ತೋಡಿಟ್ಟಳು.

ಮಾಣಿಕನಗರದಲ್ಲಿ ಗುಡಿಯ ಮುಂದೆ ಅವರದು ಕಾಯಿ-ಕರ್ಪೂರದ ಅಂಗಡಿ. ದೂರದ ಭಕ್ತರು ಕೊಟ್ಟುಹೋದ, ಇಲ್ಲಿ ಯಾರೂ ತೆಗೆದುಕೊಳ್ಳದ ಪರದೇಶದ ನೋಟುಗಳನ್ನು ಅವಳು ಹಳೆಯ ಸೀರೆಯಲ್ಲಿ ಸುತ್ತಿ ಕೂಡಿಟ್ಟಿದ್ದಳು. ಹೆಚ್ಚಿನವುಗಳ ಮೇಲೆ ರಾಜ, ಇಲ್ಲವೆ ರಾಣಿ. ಒಂದರ ಮೇಲೆ ಮಾತ್ರ ಒನಕೆ ಹಿಡಿದು ಕಾಳು ಕುಟ್ಟುವ ಹೆಂಗಸು. ಅವಳು ಯಾರು, ಅವಳ ದುಡಿಮೆ ಯಾರ ಕಣ್ಣಿಗೆ ಬಿದ್ದು ನೋಟಿನ ಮೇಲೆ ಬಂತು ಎಂದು ಮಾತಾಡಲು ಮನೆಯಲ್ಲಿ ಯಾರೂ ಇರಲಿಲ್ಲ.

“ಸಂಜೀಗಿ ಲಕ್ಷ್ಮೀಪೂಜಾದಾಗ ನಿನ್ನ ಆ ಪರದೇಶದ ನೋಟುಗೋಳ್ನೂ ಇಡು,” ಅಂದ ಗಂಡ ಬಂಡೆಪ್ಪ.

“ಅರಿಶಿಣ-ಕುಂಕುಮ ಹತ್ತಿದ್ರ ಚಿತ್ರ ಹಾಳಾಗ್ತಾವರಿ.”

“ಆಗ್ಲಿ ಬಿಡು. ಕುಟ್ಟಾಕಿನ್ನ ನೋಡೂದಿದ್ರ ಕನ್ನಡಿ ನೋಡ್ಕೊ!” ಎಂದು ನಗುತ್ತ ಅಂಗಡಿಗೆ ಹೋದ.

ಸಂಜೆ ಕಸ್ತೂರಬಾಯಿ ಒಬ್ಬಳೇ ದೇವರ ಜಗಲಿಯ ಮುಂದೆ ಕುಳಿತು ರಾಜರಿಗೂ ರಾಣಿಯರಿಗೂ ಅರಿಶಿಣ-ಕುಂಕುಮ ಏರಿಸಿದಳು. ಒನಕೆಯವಳನ್ನು ಹೊರಗೆ ತೆಗೆಯಲೇ ಇಲ್ಲ.