ಬರೀ ಒಂಬತ್ತು ಗಂಟೆ

ವಿಮಾನದ ಟಿಕೆಟ್ ಮಾಡಿಕೊಡುವ ಆ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಗಡಿಯಾರದಕ್ಕ ಎಂದೇ. ಹತ್ತೊಂಬತ್ತು ವರ್ಷದಿಂದ ಅದೇ ಕುರ್ಚಿ, ಅದೇ ಮೇಜು. ಟಿಕೆಟ್ ಕೈಗಿಡುವ ಮೊದಲು ‘ನಿಮ್ಮ ಬಾಗಿಲಿಂದ ಅವರ ಬಾಗಿಲಿಗೆ’ ಎಂದು ಪೆನ್ಸಿಲ್ಲಿನಲ್ಲಿ ಒಂದು ಚೀಟಿ ಬರೆದುಕೊಡುವುದು ಅವಳ ಪದ್ಧತಿ. ನಿಲ್ದಾಣಕ್ಕೆ ಹೋಗುವ ಹೊತ್ತು, ಸಾಲಿನಲ್ಲಿ ನಿಲ್ಲುವ ಹೊತ್ತು, ನಡುವಿನ ಊರಲ್ಲಿ ವಿಮಾನ ಬದಲಿಸಲು ಕಾಯುವ ಹೊತ್ತು, ಅಲ್ಲಿನ ಗಡಿಯಾರ ಇಲ್ಲಿಗಿಂತ ಎಷ್ಟು ಮುಂದಿದೆ ಎಂಬುದು, ಎಲ್ಲ ಕೂಡಿಸಿ. ವಿಮಾನ ಆಕಾಶದಲ್ಲಿ ಎಷ್ಟು ಹೊತ್ತು ಇರುತ್ತದೆ ಎನ್ನುವುದು ಪೈಲಟ್ಟಿಗೆ ಬೇಕಾದ ಲೆಕ್ಕ, ಹೋಗುವವರಿಗಲ್ಲ ಎನ್ನುತ್ತಿದ್ದಳು.

ಯಜಮಾನರು ಮಂಡಿನೋವೆಂದು ಮನೆ ಹಿಡಿದ ಮೇಲೆ ಅವರ ಅಳಿಯ ಬಂದು ಕೂತ. ಬಂದ ವಾರಕ್ಕೇ ಗೋಡೆಯುದ್ದಕ್ಕೂ ಬೋರ್ಡು: ‘ಎಂಟು ಸಾವಿರ ಕಿಲೋಮೀಟರ್, ಬರೀ ಒಂಬತ್ತು ಗಂಟೆ’. ಚೀಟಿಗೆ ಕತ್ತರಿ ಬಿತ್ತು.

“ನಿಮ್ಮ ಚೀಟಿ ನೋಡಿದ್ರೆ ಜನ ಹೆದರಿ ಎದ್ದು ಹೋಗ್ತಾರೆ, ಅಕ್ಕ. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ. ನನ್ನ ಗಿರಾಕಿಗಳ ಹತ್ರ ಅಂತೂ ಬಾಯೇ ಬಿಡ್ಬೇಡಿ.”

ವಿಮಾನವನ್ನು ಕತ್ತೆತ್ತಿ ನೋಡಿದ್ದು ಬಿಟ್ಟರೆ ಹತ್ತಿ ಗೊತ್ತಿಲ್ಲದ ಮನುಷ್ಯ ಇವಳಿಗೆ ಬುದ್ಧಿ ಹೇಳಿದ! ಅವಳಿಗೆ ಮೈಯೆಲ್ಲ ಉರಿದುಹೋಯಿತು. ಪೆನ್ಸಿಲ್ಲನ್ನು ಮೇಜಿನ ಖಾನೆಯೊಳಗೆ ಎಸೆದಳು.

ಒಂದು ಬೆಳಿಗ್ಗೆ ಎದುರುಬೀದಿಯ ಕ್ಷೌರದಂಗಡಿಯವನು ಓಡಿಬಂದ. ತೋಳಿನ ಮೇಲೆ ಯಾರದೋ ಕೂದಲು ಇನ್ನೂ ಅಂಟಿಕೊಂಡಿತ್ತು. ಬೋರ್ಡಿನಲ್ಲಿದ್ದ ಆ ಎಂಟು ಸಾವಿರ ಕಿಲೋಮೀಟರ್ ದೂರದ ಊರಲ್ಲಿರುವ ಅಣ್ಣನಿಗೆ ಮರುದಿನ ಬೆಳಿಗ್ಗೆ ಹತ್ತಕ್ಕೆ ಹೃದಯದ ಆಪರೇಷನ್.

“ಒಳಗೆ ಕರ್ಕೊಂಡು ಹೋಗೋಕೆ ಮುಂಚೆ ಒಂದ್ಸಲ ಮಾತಾಡ್ಬೇಕು. ಜಗಳ ಆಡಿ ಎಂಟು ವರ್ಷ ಆಯ್ತು.”

ಮಧ್ಯಾಹ್ನದ ನೇರ ವಿಮಾನದಲ್ಲಿ ಎರಡು ಸೀಟು ಖಾಲಿಯಿದ್ದುದು ಅವಳ ಪರದೆಯ ಮೇಲೆ ಕಾಣುತ್ತಿತ್ತು. ಅದರಲ್ಲಿ ಹೋದರೆ ಬೆಳಗಾಗುವ ಮೊದಲೇ ಅಣ್ಣನ ಹತ್ತಿರ ಇರುತ್ತಿದ್ದ. ಅಳಿಯ ಮಾತ್ರ ತಾನು ಮೊದಲೇ ದುಡ್ಡು ಕಟ್ಟಿ ಹಿಡಿದಿಟ್ಟಿದ್ದ, ಇನ್ನೂ ಮಾರಿಹೋಗದ ಸಂಜೆಯ ಸೀಟನ್ನು ತೋರಿಸಿದ. “ಆರಕ್ಕೆ ಹೊರಡುತ್ತೆ. ಹಾರೋದು ಒಂಬತ್ತೇ ಗಂಟೆ.”

ಬಂದವನು ಬೆರಳು ಮಡಚಿ ಎಣಿಸಿದ. ಬೆಳಗಿನ ಜಾವ ಮೂರು. ಮುಖ ಅರಳಿತು. ನಡುವಿನ ಊರಲ್ಲಿ ಏಳು ಗಂಟೆ ಕಾಯಬೇಕು, ಅಲ್ಲಿನ ಗಡಿಯಾರ ಮೂರು ಗಂಟೆ ಮುಂದೆ ಎಂಬುದನ್ನು ಅವನು ಕೇಳಲಿಲ್ಲ, ಅಳಿಯ ಹೇಳಲಿಲ್ಲ. ಪಕ್ಕದ ಕುರ್ಚಿಯಲ್ಲಿದ್ದ ಗಡಿಯಾರದಕ್ಕ ಬಾಯಿ ತೆರೆದವಳು ಮತ್ತೆ ಮುಚ್ಚಿಕೊಂಡಳು. ಕೆಲಸ ಹೋದರೆ ಎಂಬ ಪುಕ್ಕಲುತನ, ಮತ್ತೇನಲ್ಲ.

ಅವನು ಆಸ್ಪತ್ರೆ ಮುಟ್ಟಿದಾಗ ಅಲ್ಲಿ ಮಧ್ಯಾಹ್ನ ಎರಡು ಗಂಟೆ. ಅಣ್ಣ ಒಳಗೆ ಹೋಗಿ ನಾಲ್ಕು ತಾಸಾಗಿತ್ತು. ಜೀವಂತವಾಗಿ ಹೊರಗೆ ಬರಲಿಲ್ಲ.

ಎರಡು ವಾರ ಬಿಟ್ಟು ಅವನು ಅಂಗಡಿಗೆ ಬಂದ. ಅಳಿಯ ಕುರ್ಚಿಯಿಂದ ಏಳಲೂ ಇಲ್ಲ.

“ನಾನೇನ್ ಸುಳ್ಳು ಹೇಳಿದ್ನಾ? ವಿಮಾನ ಹಾರಿದ್ದು ಒಂಬತ್ತೇ ಗಂಟೆ. ಉಳಿದದ್ದು ಟಿಕೆಟ್‌ನಲ್ಲೇ ಇದೆ, ಓದ್ಕೋಬೇಕಿತ್ತು.”

ಸಾವಿನ ಮನೆಯವನ ಎದುರು ಆಡುವ ಮಾತೇ ಇದು? ನಾಚಿಕೆ ಎನ್ನುವುದು ಅಳಿಯನ ಹತ್ತಿರವೂ ಸುಳಿದಿರಲಿಲ್ಲ.

ಕ್ಷೌರದಂಗಡಿಯವನು ಅವಳ ಕಡೆ ತಿರುಗಿದ. “ನೀವು ಪಕ್ಕದಲ್ಲೇ ಇದ್ರಲ್ಲ, ಅಕ್ಕ. ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು. ಮಧ್ಯಾಹ್ನದ ವಿಮಾನದಲ್ಲಿ ಜಾಗಾನೂ ಇತ್ತು. ಹೇಳ್ಲಿಲ್ಲ.”

ಅವನು ಬಾಯಿಗೆ ಬಂದಂತೆ ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ತಲೆಯಾಡಿಸಿ ಹೊರಟುಹೋದ.

“ತಲೆ ಕೆಟ್ಟಿದ್ಯಾ ನಿಮಗೆ?” ಅಳಿಯ ಸಿಡುಕಿದ. “ನಾಳೆ ಕೇಸ್ ಹಾಕಿದ್ರೆ?”

“ಹಾಕ್ತಾರೆ. ನಾನೇ ಜೊತೆಗೆ ಹೋಗಿ ಹಾಕಿಸ್ತೀನಿ.” ಅವಳು ಕೈಚೀಲ ಹೆಗಲಿಗೇರಿಸಿದಳು. “ನಿಮ್ಮ ಹೆಸರಿನ ಕೆಳಗೆ ನನ್ನ ಹೆಸರೂ ಬರೆಸ್ತೀನಿ.”